ನಿನ್ನ ಬಾಗಿಲಿಗೆ ತೂರಿದ ಮೂರು ಹಿಡಿ ಮಣ್ಣು

ನನ್ನ ಅತ್ತಿಗೆ ಲಕ್ಷ್ಮಕ್ಕನಿಗೆ, ನಿನ್ನ ನಾದಿನಿ ಓಬಿ ಚಳ್ಳಕೆರೆಯಿಂದ ಬರೆಯುವುದು.

ನೀನು ಹೋಗಿ ಹನ್ನೆರಡು ವರ್ಷ ಆಯಿತು. ಇಷ್ಟು ದಿನ ನಿನ್ನ ಹೆಸರನ್ನು ಬಾಯಲ್ಲಿ ಆಡಲೂ ಹೆದರುತ್ತಿದ್ದವಳು ಈಗ ಕಾಗದ ಬರೆಯಲು ಕೂತಿದ್ದೇನೆ ಎಂದರೆ ಕಾರಣ ಇರಲೇಬೇಕು. ಮೊನ್ನೆ ನಿನ್ನ ಮಗಳು ರೂಪ ಫೋನ್ ಮಾಡಿದ್ದಳು. ಅವಳ ಮದುವೆ ಗೊತ್ತಾಗಿದೆ. ಮದುವೆ ಸೀರೆಯನ್ನು ಮೊಳಕಾಲ್ಮೂರಿನ ಮನೆಯಲ್ಲಿ, ನಿನ್ನ ಮಗ್ಗದಲ್ಲೇ ಕೂತು, ತಾನೇ ನೇಯುತ್ತಾಳಂತೆ. ಸೀರೆಯ ಉದ್ದನೆಯ ಎಳೆಗಳ ಹಾಸನ್ನು ಮಗ್ಗಕ್ಕೆ ಕೆಚ್ಚಲು ನಾನು ಬರಬೇಕಂತೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಿನಗೆ ಹೇಳಬೇಕಾದದ್ದನ್ನು ಹೇಳದೆ ನಿನ್ನ ಮಗ್ಗ ಮುಟ್ಟುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ನನ್ನ ಮೊಂಡುತನ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೀನು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹನ್ನೆರಡು ವರ್ಷ. ಬಂದ ತಿಂಗಳಿಗೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೆಚ್ಚುವುದನ್ನು ಕಲಿಸಿದೆ. ಒಂದು ಹಾಸು ನೇಯ್ದು ಮುಗಿದ ಮೇಲೆ ತುದಿಯನ್ನು ಪೂರ್ತಿ ಬಿಚ್ಚದೆ ಗೇಣುದ್ದ ಮಗ್ಗದಲ್ಲೇ ಉಳಿಸುವುದು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗೆ ಹೊಸೆದು ಕೂಡಿಸುವುದು, ರೇಷ್ಮೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುವುದು. ಸಾವಿರಾರು ಎಳೆ. ನನಗೆ ತಾಳ್ಮೆ ಎಲ್ಲಿತ್ತು? "ಈ ಹಳೇದನ್ನ ಕಿತ್ತು ಬಿಸಾಕಿ ಹೊಸ್ದು ಹಾಕಿದ್ರೆ ಆಗಲ್ವಾ ಅತ್ಗೆ?" ಎಂದಿದ್ದೆ. ನೀನು ನಕ್ಕು, "ಕಿತ್ತು ಬಿಸಾಕಿದ್ರೆ ಮತ್ತೆ ಹಣಿಗೆಗೆ ಒಂದೊಂದೇ ಎಳೆ ಪೋಣಿಸ್ಕೊಂಡು ಕೂತಿರ್ಬೇಕು, ನಿನ್ ಮದ್ವೆ ವಯಸ್ಸು ಮೀರೋಗ್ತೈತೆ. ಹಳೇ ತುದಿ ಹಿಡ್ಕೊಂಡೇ ಹೊಸ್ದು ಒಳಗೆ ಬರ್ಬೇಕು ಕಣೇ" ಎಂದೆ. ನಮ್ಮ ಮನೆಯ ಪದ್ಧತಿ ನಿನಗೆ ನೆನಪಿರಬೇಕು. ಹೆಣ್ಣಿನ ಮದುವೆ ಸೀರೆಯ ಹಾಸನ್ನು ಅವಳ ಸೋದರತ್ತೆಯೇ ಕೆಚ್ಚಬೇಕು. ನನಗೆ ಸೋದರತ್ತೆ ಇರಲಿಲ್ಲ. ನನ್ನ ಮದುವೆಗೆ ಆ ಜಾಗದಲ್ಲಿ ನೀನೇ ಕೂತು ಎರಡು ದಿನ ಕೆಚ್ಚಿದೆ, ಏಳುವಾಗ ಸೊಂಟ ಹಿಡಿದು ನನ್ನ ಹೆಗಲ ಮೇಲೆ ಭಾರ ಹಾಕಿದ್ದೆ.

ಅಂಥ ನಿನ್ನ ಬಾಗಿಲಿಗೆ ನಾನು ಮಣ್ಣು ತೂರಿದೆ.

ಅವ್ವ ತೀರಿಕೊಂಡ ದಿನ ನಾನು ಚಳ್ಳಕೆರೆಯ ಮನೆಯಲ್ಲಿ ಒಬ್ಬಳೇ ಇದ್ದೆ. ಮನೆಗೆಲ್ಲಾ ಇದ್ದದ್ದು ಒಂದೇ ಫೋನು. ಅದು ನನ್ನ ಗಂಡ ರಾಜಣ್ಣನ ಜೇಬಿನಲ್ಲಿ, ರಾಜಣ್ಣ ಎಣ್ಣೆ ಗಿರಣಿಯಲ್ಲಿ. ಆ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ಮಧ್ಯಾಹ್ನಕ್ಕೆ. ಓಡಿ ಬಸ್ಸು ಹತ್ತಿದೆವು, ದಾರಿ ನಡುವೆ ತಳಕಿನಲ್ಲಿ ಬಸ್ಸು ಕೆಟ್ಟು ನಿಂತಿತು. ನಾವು ಬೀದಿಯ ತಿರುವಿಗೆ ಬರುವ ಹೊತ್ತಿಗೆ ಜನ ಸ್ಮಶಾನದಿಂದ ತಿರುಗಿ ಬಂದು ನಿನ್ನ ಬಾಗಿಲ ಮುಂದೆ ಕಾಲು ತೊಳೆಯುತ್ತಿದ್ದರು. ಒಬ್ಬಳೇ ಮಗಳು ನಾನು. ಅವ್ವನ ಮುಖ ನೋಡಲಿಲ್ಲ, ಅವ್ವನ ಮೇಲೆ ಮೂರು ಹಿಡಿ ಮಣ್ಣು ಹಾಕಲಿಲ್ಲ. ಹೊತ್ತು ಮುಳುಗುವ ಮೊದಲು ಮಣ್ಣು ಮಾಡಬೇಕೆಂದು ಅಣ್ಣ ಅವಸರ ಮಾಡಿದ್ದ. ನೀನು ಒಳಗಿನಿಂದ ಬಂದೆ, ಅವ್ವ ಮಲಗಿದ್ದ ಜಾಗದಲ್ಲಿ ಇಡಲು ಹಚ್ಚಿದ ದೀಪ ಕೈಯಲ್ಲಿತ್ತು. "ಓಬಿ, ಕಾಯೋಣ ಅಂತ ನಾನು ಎಷ್ಟು..." ಎಂದು ಶುರು ಮಾಡಿದೆ. ನಾನು ಮುಂದಿನ ಮಾತು ಕೇಳಿಸಿಕೊಳ್ಳಲಿಲ್ಲ.

ಬಗ್ಗಿ ಬೀದಿಯ ಮಣ್ಣು ಬಾಚಿದೆ. ಅವ್ವನಿಗೆ ಸೇರಬೇಕಿದ್ದ ಮೂರು ಹಿಡಿ ಮಣ್ಣನ್ನು ನಿನ್ನ ಬಾಗಿಲಿಗೆ ತೂರಿದೆ. "ಈ ಮನೇಲಿ ದೀಪ ಹಚ್ಚೋ ಹೆಣ್ಣು ಉಳೀಬ್ಯಾಡ" ಎಂದು ಮೂರು ಸಲ ಕೂಗಿದೆ. ಇಡೀ ಬೀದಿ ಕೇಳಿಸಿಕೊಂಡಿತು. ಅವಸರ ಮಾಡಿದವನು ಅಣ್ಣ, ಬೈಸಿಕೊಂಡವಳು ನೀನು. ಒಡಹುಟ್ಟಿದವನಿಗೆ ಶಾಪ ಹಾಕಲು ನಾಲಿಗೆ ಏಳುವುದಿಲ್ಲ ಅತ್ತಿಗೆ, ಮನೆಗೆ ಬಂದ ಹೆಣ್ಣಿನ ಮೇಲೆ ಅದು ತಾನಾಗಿ ಹರಿಯುತ್ತದೆ. ನೀನು ದೀಪ ಆರದಂತೆ ಅದಕ್ಕೆ ಸೆರಗು ಅಡ್ಡ ಹಿಡಿದು ನಿಂತಿದ್ದೆ.

ಎಂಟು ತಿಂಗಳಿಗೆ ನಿನಗೆ ಕಾಮಾಲೆ ಏರಿತು. ಸೊಪ್ಪಿನ ಔಷಧಿ ಆಯಿತು, ಆಸ್ಪತ್ರೆ ಆಯಿತು, ನೀನು ಉಳಿಯಲಿಲ್ಲ. "ಅವಳು ಈ ಬೀದಿಗೆ ಕಾಲಿಟ್ರೆ ನಾನು ಹೆಣ ಎತ್ತಲ್ಲ" ಎಂದು ಅಣ್ಣ ಹೇಳಿ ಕಳಿಸಿದ. ಆದರೂ ಬಂದಿದ್ದೆ, ನಿನಗೆ ಗೊತ್ತೇ? ಸ್ಮಶಾನದ ಹಾದಿಯ ಬೇವಿನ ಮರದ ಹಿಂದೆ ನಿಂತಿದ್ದೆ. ಒಂಬತ್ತು ವರ್ಷದ ರೂಪ ಯಾರದೋ ಕೈ ಹಿಡಿದು ಹೋಗುತ್ತಿದ್ದಳು, ಅಳುತ್ತಿರಲಿಲ್ಲ, ಸುತ್ತ ನೋಡುತ್ತಿದ್ದಳು. ಅವಳು ನನ್ನ ಕಡೆ ನೋಡಿದಳೆಂದು ನಾನು ಮರದ ಹಿಂದೆ ಇನ್ನಷ್ಟು ಸರಿದೆ.

ಅವತ್ತಿನಿಂದ ನನ್ನ ಬಲಗೈ ನನ್ನದಾಗಿ ಉಳಿಯಲಿಲ್ಲ. ಕೆಚ್ಚಲು ಕೂತರೆ ಬೆರಳು ನಡುಗಿ ಎಳೆ ತುಂಡಾಗುತ್ತಿತ್ತು. ಆ ಕೆಲಸ ಬಿಟ್ಟು ಗಿರಣಿಯಲ್ಲಿ ಶೇಂಗಾ ಹಸನು ಮಾಡುವ ಕೂಲಿಗೆ ಸೇರಿದೆ. ಸಮಾಧಾನ ಹೇಳಲು ಬಂದವರಿಗೇನು ಬರವಿರಲಿಲ್ಲ. ಕಣಿ ಹೇಳುವವಳು, "ನಿನ್ ಮಾತಿಗೆ ಬಲ ಐತೆ, ತಡೆ ಒಡೆಸ್ಬೇಕು, ಕರೀ ಕೋಳಿ ತಾ" ಎಂದಳು. ಕೋಳಿ ತಂದುಕೊಟ್ಟೆ, ತಡೆ ಒಡೆಸಿದೆ, ನಿದ್ದೆ ಬರಲಿಲ್ಲ. ಓದಿದ ನಮ್ಮ ಮೈದುನ, "ಮಣ್ಣು ತೂರಿದ್ರೆ ಯಾರೂ ಸಾಯಲ್ಲ ಅತ್ಗೆ, ಅದು ಲಿವರ್ ಕಾಯಿಲೆ. ನಿಮ್ದೇನೂ ತಪ್ಪಿಲ್ಲ" ಎಂದ. ಒಳ್ಳೆಯ ಹುಡುಗ. ಅವನ ಮಾತು ಸರಿಯೂ ಇರಬಹುದು. ಆದರೆ ನೀನು ಸಾಯಲಿ ಎಂದು ಆ ಗಳಿಗೆಯಲ್ಲಿ ನಾನು ಮನಸಾರೆ ಬಯಸಿದ್ದೆನಲ್ಲ, ಅದಕ್ಕೆ ಯಾವ ಲಿವರು ಕಾರಣ?

ಗಿರಣಿಯ ಅಂಗಳದಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಕರುಣಮ್ಮ. ರಾಯದುರ್ಗದ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ, ಬಾಯಿ ತೆಗೆದರೆ ಒಂದೋ ಪ್ರಾರ್ಥನೆ ಇಲ್ಲವೇ ಬೈಗುಳ. ಶೇಂಗಾದಲ್ಲಿ ಮಣ್ಣಿನ ಹೆಂಟೆ ಸಿಕ್ಕರೆ ನಾನು ಎಡಗೈಯಲ್ಲಿ ಎತ್ತಿ ಎಸೆಯುತ್ತಿದ್ದೆ. ಎರಡು ತಿಂಗಳು ನೋಡಿದವಳು ಒಂದು ದಿನ ಮೊರ ಕೆಳಗಿಟ್ಟು, "ಬಲಗೈಗೆ ಏನಾಗೈತೆ?" ಎಂದಳು. ಯಾಕೋ ಅವಳ ಮುಂದೆ ಎಲ್ಲಾ ಹೇಳಿಬಿಟ್ಟೆ. ಅವಳು ಅಯ್ಯೋ ಎನ್ನಲಿಲ್ಲ. ನಿನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ.

"ನೀನು ಹಾಕಿದ ಮಣ್ಣಿಂದ ಸತ್ಳೋ, ಕಾಮಾಲೆಯಿಂದ ಸತ್ಳೋ, ಅದು ನಂಗೊತ್ತಿಲ್ಲ. ಸಾಯ್ಲಿ ಅಂತ ಅಂದ್ಕಂಡಿದ್ದು ನಿಜಾನಾ?"

"ನಿಜ."

"ಹಂಗಾದ್ರೆ ಅದನ್ನ ಯೇಸಪ್ಪನ ಹತ್ರ ಹಂಗೇ ಹೇಳು. ಏನೂ ಆಗ್ಲಿಲ್ಲ ಅನ್ನೋರು ಬೇಕಾದಷ್ಟು ಜನ ಸಿಕ್ತಾರೆ ಓಬಮ್ಮ. ಆಗಿದ್ದೆಲ್ಲಾ ಗೊತ್ತಿದ್ದೂ ಬಾ ಅನ್ನೋನು ಒಬ್ನೇ."

ಮುಂದಿನ ಭಾನುವಾರ ಅವಳ ಹಿಂದೆ ಹೋದೆ. ತಗಡಿನ ಮಾಡಿನ ಸಣ್ಣ ಪ್ರಾರ್ಥನಾ ಮಂದಿರ, ಬಿಸಿಲು ಏರಿದರೆ ರೊಟ್ಟಿ ಹಂಚಿನಂತೆ ಕಾಯುತ್ತದೆ. ಹೇಳು ಎಂದರೆ ಹೇಳಿದೆ, ಕಣ್ಣೀರು ಹಾಕಿದೆ. ಆದರೆ ಕ್ಷಮೆ ಸಿಕ್ಕಿತು ಎಂಬುದನ್ನು ನಂಬಲು ಆಗಲಿಲ್ಲ. ಇಷ್ಟು ದೊಡ್ಡದನ್ನು ಇಷ್ಟು ಸಲೀಸಾಗಿ ಯಾರು ಕೊಡುತ್ತಾರೆ? ಹಾಗಾಗಿ ದುಡಿದು ತೀರಿಸಲು ಹೊರಟೆ. ಮಂದಿರ ಗುಡಿಸಿದೆ, ಚಾಪೆ ಒಗೆದೆ, ವಾರಕ್ಕೆ ಎರಡು ದಿನ ಉಪವಾಸ ಮಾಡಿದೆ. ಯಾರಾದರೂ ಪೊರಕೆ ಮುಟ್ಟಿದರೆ ಜಗಳಕ್ಕೆ ಬಿದ್ದೆ. ಒಂದು ವರ್ಷ ಹೀಗೇ ನಡೆಯಿತು. ಒಂದು ದಿನ ಉಪವಾಸದಲ್ಲಿ ತಲೆ ಸುತ್ತಿ ಬಾಗಿಲಲ್ಲೇ ಕುಸಿದೆ. ಕರುಣಮ್ಮ ನೀರು ಕುಡಿಸಿ, ನನ್ನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಯಾರು ಕೇಳಿದ್ರೇ ನಿನ್ ಕೂಲೀನ? ಊರಿಕೇ ಇಚ್ಚಾಡು ಕಣೇ, ಸುಮ್ನೆ ಕೊಟ್ಟಿದಾನೆ. ಸುಮ್ನೆ ಕೊಟ್ಟಿದ್ದಕ್ಕೆ ಕೂಲಿ ಮಾಡಿ ತೀರಿಸ್ತೀನಿ ಅಂತ ಹೋದ್ರೆ ಕೊಟ್ಟೋನಿಗೆ ಹೆಂಗಾಗ್ಬೇಕು? ನಿಮ್ಮತ್ಗೆ ನಿನ್ ಮದ್ವೆ ಸೀರೆಗೆ ಕೆಚ್ಚಿದ್ಳಲ್ಲ, ಕೂಲಿ ಕೊಟ್ಟಿದ್ಯಾ?"

ನಿನಗೆ ಕೂಲಿ ಎಂದಿದ್ದರೆ ನೀನು ಲಾಳಿ ತೆಗೆದು ನನ್ನ ತಲೆಗೆ ಕುಟ್ಟುತ್ತಿದ್ದೆ.

ಆಮೇಲಿನ ಯಾವುದೋ ಭಾನುವಾರ ಪಾಸ್ಟರು ಒಂದು ಕಥೆ ಹೇಳಿದರು. ಊರವರು ತಪ್ಪು ಮಾಡಿದ ಒಬ್ಬ ಹೆಂಗಸನ್ನು ಎಳೆದು ತಂದು ನಡುವೆ ನಿಲ್ಲಿಸಿದ್ದಾರೆ, ಕಲ್ಲು ಹೊಡೆದು ಕೊಲ್ಲಬೇಕೆಂದಿದ್ದಾರೆ. ಯೇಸು ಅವಳನ್ನೂ ಬೈಯಲಿಲ್ಲ, ಅವರನ್ನೂ ಬೈಯಲಿಲ್ಲ. ನಿಮ್ಮಲ್ಲಿ ಪಾಪ ಮಾಡದವನು ಮೊದಲ ಕಲ್ಲು ಹೊಡೆಯಲಿ ಎಂದು ಹೇಳಿ, ನೆಲಕ್ಕೆ ಬಗ್ಗಿ ಮಣ್ಣಿನ ಮೇಲೆ ಬೆರಳಲ್ಲಿ ಏನೋ ಬರೆಯುತ್ತಿದ್ದನಂತೆ, ಒಬ್ಬೊಬ್ಬರೇ ಕಲ್ಲು ಬಿಟ್ಟು ಹೋದರಂತೆ. ಏನು ಬರೆದ ಎಂದು ಮಂದಿರದಲ್ಲಿದ್ದವರೆಲ್ಲಾ ಪಾಸ್ಟರನ್ನು ಕೇಳಿದರು. ನನಗೆ ಅದು ಬೇಕಿರಲಿಲ್ಲ. ನಾನೂ ಅವತ್ತು ಹೀಗೇ ಬಗ್ಗಿದ್ದೆನಲ್ಲ, ಇದೇ ಮಣ್ಣಿಗೆ ಕೈ ಹಾಕಿದ್ದೆನಲ್ಲ. ಅವನ ಕೈಗೂ ಮಣ್ಣು ಹತ್ತಿತ್ತು, ಆದರೆ ಅವನು ತೂರಲಿಲ್ಲ. ಪಾಪವಿಲ್ಲದವನು, ತೂರುವ ಹಕ್ಕು ಇದ್ದವನು ಅವನೊಬ್ಬನೇ. ಕೃಪೆ ಕೃಪೆ ಎಂದು ಅವರು ವರ್ಷವೆಲ್ಲಾ ಹೇಳುತ್ತಿದ್ದದ್ದು ಆಗ ನನ್ನ ಒಳಗೆ ಇಳಿಯಿತು. ಮಿಂಚು ಗುಡುಗು ಏನೂ ಆಗಲಿಲ್ಲ ಅತ್ತಿಗೆ. ಮನೆಗೆ ಬಂದು ಮುದ್ದೆ ತಿರುವಿ ಎರಡು ಮುದ್ದೆ ತಿಂದೆ, ಮಧ್ಯಾಹ್ನವೇ ಗೋಡೆಗೆ ಒರಗಿ ನಿದ್ದೆ ಹೋದೆ. ರಾಜಣ್ಣ ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದನಂತೆ.

ಒಂದು ತೋಟದ ನೀರಿನ ತೊಟ್ಟಿಯಲ್ಲಿ ನನಗೆ ದೀಕ್ಷಾಸ್ನಾನ ಆಯಿತು. ಹೊಸ ಹೆಸರು ಇಟ್ಟುಕೊಳ್ಳುತ್ತೀಯಾ ಎಂದು ಯಾರೋ ಕೇಳಿದರು. ಬೇಡ ಎಂದೆ. ಮಣ್ಣು ತೂರಿದವಳು ಓಬಮ್ಮ, ಕ್ಷಮೆಯೂ ಓಬಮ್ಮನ ಹೆಸರಿಗೇ ಬರಲಿ, ವಿಳಾಸ ತಪ್ಪುವುದು ಬೇಡ ಎಂದೆ. ಪಾಸ್ಟರು ನಕ್ಕರು. ಬೀದಿಯಲ್ಲಿ ಗುಸುಗುಸು ಎದ್ದಿತು, ಏನು ಆಸೆ ತೋರಿಸಿ ಸೇರಿಸಿಕೊಂಡರೋ ಎಂದು. ರಾಜಣ್ಣ ಮಾತ್ರ, "ನಿನ್ ಯೇಸು ನಿನಗೆ, ನನ್ ತಿಪ್ಪೇಸಾಮಿ ನನಗೆ. ಸಾರು ಇಬ್ರಿಗೂ ಒಂದೇ ಇರ್ಲಿ, ಎರಡೆರಡು ಮಾಡ್ಬ್ಯಾಡ" ಎಂದ. ಬಲಗೈ ನಡುಕ ನಿಂತಿತು. ಮತ್ತೆ ಕೆಚ್ಚುವ ಕೆಲಸ ಹಿಡಿದೆ, ಈಗ ಆರು ವರ್ಷ.

ಹಾಗಾದರೆ ನಿನ್ನ ಬಾಗಿಲಿಗೆ ಯಾಕೆ ಬರಲಿಲ್ಲ ಎನ್ನುತ್ತೀಯಾ? ಕೇಳು, ಕೇಳುವ ಹಕ್ಕು ನಿನಗಿದೆ. ಎರಡು ಸಲ ತಳಕಿನವರೆಗೆ ಬಂದು ತಿರುಗಿ ಹೋದೆ. ನನ್ನ ಎದೆ ಹಗುರವಾಗಿತ್ತು, ಆ ಹಗುರ ಕಳೆದುಹೋದರೆ ಎಂಬ ಭಯ. ಸುಖವಾಗಿ ಪ್ರಾರ್ಥನೆ ಮಾಡಿಕೊಂಡು ಇರುವುದನ್ನು ಬಿಟ್ಟು ಅಣ್ಣನ ಮುಖ ಯಾಕೆ ನೋಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಗೇಡು, ಗೊತ್ತು.

ಮೊನ್ನೆ ರೂಪ ಫೋನ್ ಮಾಡಿದಾಗ ದನಿ ಥೇಟ್ ನಿನ್ನದೇ. "ಅತ್ತೆ, ನಾನು ರೂಪ. ನೀವು ಬಂದು ಕೆಚ್ಬೇಕು" ಎಂದಳು. ಅಪ್ಪನನ್ನು ಕೇಳಿದೆಯಾ ಎಂದೆ. "ಇಲ್ಲ. ಮಗ್ಗ ಅವ್ವಂದು, ಸೀರೆ ನಂದು" ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. "ಅತ್ತೆ, ನಂಗೀಗ ಇಪ್ಪತ್ತೊಂದು. ಇವತ್ತಿಗೂ ನಮ್ಮನೇಲಿ ನಾನು ದೀಪ ಹಚ್ಚಿಲ್ಲ. ಅಪ್ಪ ಬಿಡಲ್ಲ. ದಿನಾ ಸಂಜೆ ಅವ್ರೇ ಹಚ್ತಾರೆ. ಕಡ್ಡಿಪೆಟ್ಟಿಗೇನ ಜೇಬಲ್ಲೇ ಇಟ್ಕೊಂಡಿರ್ತಾರೆ. ಯಾಕೆ ಅಂತ ನಿಮಗೆ ಗೊತ್ತಲ್ಲ?"

ಗೊತ್ತು. ನಾನು ಕ್ಷಮೆ ಪಡೆದು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದ ಇಷ್ಟೂ ವರ್ಷ ನನ್ನ ಮಾತು ನಿನ್ನ ಮನೆಯಲ್ಲಿ ಕೂತು ನಿನ್ನ ಮಗಳ ಕೈ ಹಿಡಿದುಕೊಂಡಿತ್ತು. ಅವಳು ಅತ್ತೆ ಮನೆಗೆ ಹೋಗಿ ದೀಪ ಹಚ್ಚುವ ದಿನ ಹತ್ತಿರ ಬಂದಿದೆ. ಆ ಕೈ ನಡುಗಬಾರದು. ಅದಕ್ಕೇ ನಾಳೆ ಬರುತ್ತಿದ್ದೇನೆ. ಅಣ್ಣ ಹೊಡೆದರೂ ಸರಿ, ಬಾಗಿಲು ಹಾಕಿದರೂ ಸರಿ, ಆ ಮಾತನ್ನು ಎಲ್ಲಿ ಬಿಟ್ಟೆನೋ ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತೇನೆ. ಆದರೆ ನಿನ್ನನ್ನು ಒಂದು ಕೇಳಬೇಕು. ಯೇಸು ಕ್ಷಮಿಸಿದ, ನಂಬಿದ್ದೇನೆ. ನೀನು...

ಮೊನ್ನೆ ರಾತ್ರಿ ಇಲ್ಲಿಗೆ ನಿಲ್ಲಿಸಿದ್ದೆ. ಈಗ ನಿನ್ನ ಜಗಲಿಯ ಮೇಲೆ ಕೂತು ಮುಂದುವರಿಸುತ್ತಿದ್ದೇನೆ. ಬೆಳಿಗ್ಗೆ ಏಳು ಗಂಟೆ. ನಿನ್ನೆ ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಬಸ್ಸಿನಲ್ಲಿ ಬರುವಾಗಲೇ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ. ಬೀದಿಯಲ್ಲಿ ನಿಂತು ಕೂಗಿ ಶಾಪ ಹಾಕಿದವಳು ಒಳಗೆ ಹೋಗಿ ಪಿಸುಮಾತಿನಲ್ಲಿ ತಪ್ಪಾಯ್ತು ಎಂದರೆ ಅದು ಕಳ್ಳತನ. ನಿನ್ನ ಬಾಗಿಲ ಮುಂದೆ, ಅವತ್ತು ನಿಂತ ಜಾಗದಲ್ಲೇ ಚೀಲ ಕೆಳಗಿಟ್ಟು ನಿಂತೆ. ಅಣ್ಣ ಜಗಲಿಯ ಮೇಲಿದ್ದ. ತಲೆ ಎಷ್ಟು ಬೆಳ್ಳಗಾಗಿದೆ ಅತ್ತಿಗೆ, ಹುಬ್ಬು ಕೂಡ. ನನ್ನನ್ನು ನೋಡಿ ಎದ್ದು ನಿಂತ. ಅವನು ಬಾಯಿ ತೆಗೆಯುವ ಮೊದಲೇ ನಾನು ತೆಗೆದೆ.

"ಅಣ್ಣ, ಹದಿಮೂರು ವರ್ಷದ ಕೆಳಗೆ ಇಲ್ಲೇ ನಿಂತು ಈ ಮನೆಗೆ ಮಣ್ಣು ತೂರ್ದೆ. ದೀಪ ಹಚ್ಚೋ ಹೆಣ್ಣು ಉಳೀಬ್ಯಾಡ ಅಂದೆ. ಅದು ಪಾಪ. ಅತ್ಗೆ ಏನೂ ತಪ್ಪು ಮಾಡಿರ್ಲಿಲ್ಲ. ಆ ಮಾತನ್ನ ಎಲ್ರ ಮುಂದೆ ಅಂದಿದ್ದೆ, ಎಲ್ರ ಮುಂದೇನೇ ವಾಪಸ್ ತಗಂತಿದೀನಿ. ನಾನು ನಂಬಿರೋ ಯೇಸು ನನ್ನ ಕ್ಷಮಿಸಿದಾನೆ. ನೀನೂ ಕ್ಷಮಿಸ್ಬೇಕು ಅಂತ ಬಲವಂತ ಮಾಡಲ್ಲ. ಕೇಳ್ಕಂತೀನಿ ಅಷ್ಟೆ."

ಎದುರು ಮನೆಯಲ್ಲಿ ಮಗ್ಗದ ಸದ್ದು ನಿಂತಿತು. ಕಿಟಕಿಗಳಲ್ಲಿ ಮುಖಗಳು. ಅಣ್ಣ ಒಳಗೂ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ತಿರುಗಿ ಬೀದಿಗೆ ಬೆನ್ನು ಮಾಡಿ ಕೂತುಬಿಟ್ಟ. ರೂಪ ಬಂದು ನನ್ನ ಚೀಲ ಎತ್ತಿಕೊಂಡು, "ಬನ್ನಿ ಅತ್ತೆ, ಹೊತ್ತಾಗ್ತೈತೆ" ಎಂದು ಒಳಗೆ ನಡೆದಳು. ನಾನು ಹೊಸ್ತಿಲು ದಾಟಿದೆ.

ನಿನ್ನ ಮಗ್ಗ ಹಾಗೇ ಇದೆ. ನೀನು ಕೊನೆಯದಾಗಿ ನೇಯ್ದ ಅರಿಶಿನ ಬಣ್ಣದ ಹಾಸಿನ ತುದಿ ಹಣಿಗೆಯಲ್ಲೇ ಇದೆ, ಮೇಲೆ ನಿನ್ನ ಹಳೆಯ ಸೀರೆ ಹೊದಿಸಿದ್ದಾರೆ. ಅಣ್ಣ ಇಷ್ಟು ವರ್ಷ ಬೇರೆಯವರ ಮನೆಗೆ ಹೋಗಿ ನೇಯ್ದನಂತೆ, ಈ ಮಗ್ಗದ ಕುಣಿಗೆ ಇಳಿಯಲಿಲ್ಲವಂತೆ. ರೂಪ ಮಗ್ಗಕ್ಕೆ ಕುಂಕುಮ ಹಚ್ಚಿ ಕೈಮುಗಿದಳು. ನಾನು ನನ್ನ ಕ್ರಮದಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ನವಿಲು ಬಣ್ಣದ ಹೊಸ ಹಾಸು ತಂದು ಎದುರು ಬಿಗಿದೆವು. ಬೂದಿ ಮುಟ್ಟಿಕೊಂಡು ನಿನ್ನ ಮೊದಲ ಎಳೆ ಹಿಡಿದೆ. ತುಂಡಾಯಿತು. ಎರಡನೆಯದೂ ತುಂಡಾಯಿತು. ಹನ್ನೆರಡು ವರ್ಷದ ರೇಷ್ಮೆ, ಮುನಿಸಿಕೊಂಡಿರಬೇಕು ಎಂದೆ. ರೂಪ ನಗಲಿಲ್ಲ, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮೂರನೆಯದು ನಿಂತಿತು. ಅಲ್ಲಿಂದ ಮುಂದೆ ಹತ್ತಕ್ಕೆ ಒಂದು ತುಂಡಾದರೂ ಉಳಿದವು ಕೂಡುತ್ತಾ ಹೋದವು, ಅರಿಶಿನದ ತುದಿಗೆ ನವಿಲು.

ಮಧ್ಯಾಹ್ನ ಊಟಕ್ಕೆ ರೂಪ ಹಿತ್ತಲಿನಿಂದ ಕರಿಬೇವು ಕಿತ್ತು ತಂದು ಸಾರಿಗೆ ಒಗ್ಗರಣೆ ಹಾಕಿದಳು. ಎಂಥ ಘಮ. ನಾನಿದ್ದಾಗ ಅಲ್ಲಿ ಗೇಣುದ್ದದ ಬಡಕಲು ಗಿಡ ಇತ್ತಲ್ಲ ಎಂದೆ. ರೂಪ ತಟ್ಟೆ ಇಡುತ್ತಾ ಹೇಳಿದಳು.

"ನೀವು ಮಣ್ಣು ತೂರಿದ ದಿನ ಎಲ್ರೂ ಹೋದ್ಮೇಲೆ ಅವ್ವ ಅದನ್ನ ಗುಡಿಸಿ ಮೊರದಲ್ಲಿ ತುಂಬ್ಕೊಂಡ್ರು. ಪಕ್ಕದ ಮನೆ ಅಜ್ಜಿ, ಆ ಮಣ್ಣನ್ನ ಮೂರು ದಾರಿ ಕೂಡೋ ಕಡೆ ಚೆಲ್ಲಿ ಬಾ, ಇಲ್ದಿದ್ರೆ ಮನೆಗೆ ಕೇಡು ಅಂದ್ರು. ಅವ್ವ ಕೇಳ್ಲಿಲ್ಲ. ಹಿತ್ಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಹಾಕಿ ನೀರು ಹುಯ್ದ್ರು. ನಾನು ಸೀರೆ ಹಿಡ್ಕೊಂಡು ನಿಂತಿದ್ದೆ. 'ನಮ್ ಓಬಿ ಸಿಟ್ಟು, ಗಿಡಕ್ಕಾದ್ರೂ ಆಗ್ಲಿ' ಅಂದ್ರು."

ಅತ್ತಿಗೆ, ನಾನು ಸಾರಿನಲ್ಲಿದ್ದ ಕರಿಬೇವಿನ ಎಲೆಯೊಂದನ್ನು ಎತ್ತಿ ನೋಡಿದೆ. ನಾನು ಆರು ವರ್ಷ ಕಳೆದ ಮೇಲೆ ತಗಡಿನ ಮಂದಿರದಲ್ಲಿ ಕೂತು ಕಲಿತದ್ದನ್ನು ನೀನು ಆ ಸಂಜೆಯೇ ಮೊರದಲ್ಲಿ ತುಂಬಿಕೊಂಡು ಹೋಗಿ ಮಾಡಿ ಮುಗಿಸಿದ್ದೆ. ನಾನು ಚಳ್ಳಕೆರೆ ಮುಟ್ಟುವ ಮೊದಲೇ ನೀನು ನನ್ನನ್ನು ಬಿಟ್ಟುಬಿಟ್ಟಿದ್ದೆ. ಯೇಸುವಿನ ಹೆಸರು ಕೂಡ ನಿನ್ನ ಕಿವಿಯ ಮೇಲೆ ಬಿದ್ದಿರಲಿಕ್ಕಿಲ್ಲ. ಇದು ಹೇಗೆ ಎಂದು ಕರುಣಮ್ಮನನ್ನು ಕೇಳಬೇಕು. ಅವಳು ಬೈದರೂ ಕೇಳುತ್ತೇನೆ.

ಸಂಜೆ ಆರರ ಹೊತ್ತಿಗೆ ಅರ್ಧ ಹಾಸು ಮುಗಿದಿತ್ತು. ಆಗ ಕರೆಂಟು ಹೋಯಿತು. ಮಗ್ಗದ ಮನೆಯಲ್ಲಿ ಬೆಳಕಿಗೆ ಇರುವುದು ಒಂದೇ ಸಣ್ಣ ಕಿಟಕಿ. ನನ್ನ ಎರಡು ಕೈಯಲ್ಲೂ ಎಳೆ ಇತ್ತು, ಬಿಟ್ಟರೆ ಜಾರುತ್ತದೆ. ರೂಪ ಅಭ್ಯಾಸಬಲದಿಂದ, "ಅಪ್ಪ, ದೀಪ" ಎಂದು ಕೂಗಿದಳು. ಅಣ್ಣ ಬಂದು ಬಾಗಿಲಲ್ಲಿ ನಿಂತ. ಬೆಳಗಿನಿಂದ ಅವನು ಆಡದ ಮಾತೆಲ್ಲಾ ಆ ಬಾಗಿಲಲ್ಲಿ ನಿಂತ ಹಾಗಿತ್ತು. ಮಗ್ಗದ ಎರಡು ಕಡೆ ಗೋಡೆಯಲ್ಲಿ ಗೂಡುಗಳಿವೆಯಲ್ಲ, ಎರಡರಲ್ಲೂ ಹಣತೆ ಇವೆ. ಅವನು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ.

"ಅಣ್ಣ, ಇಲ್ಲಿ ಕೊಡು" ಎಂದೆ. ಹಿಡಿದ ಎಳೆಯನ್ನು ರೂಪಳ ಕೈಗೆ ದಾಟಿಸಿದೆ. "ನಾನು ಹಚ್ತೀನಿ. ನಾನೂ ಈ ಮನೆ ಹೆಣ್ಣೇ. ಆ ಮಾತು ಯಾರಿಗಾದ್ರೂ ತಗಲೋದಿದ್ರೆ ಆಡಿದೋಳಿಗೇ ತಗಲ್ಲಿ. ತಗಲಲ್ಲ, ನಂಗೊತ್ತು. ಅದನ್ನ ಯೇಸು ಆಗ್ಲೇ ಹೊತ್ಕೊಂಡಿದಾನೆ."

ಅವನು ಕೊಡಲಿಲ್ಲ. ನಾನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಬೂದಿ ಮೆತ್ತಿದ ಬಲಗೈ, ಅದೇ ಕೈ. ಅವನು ಅದನ್ನೇ ನೋಡುತ್ತಿದ್ದ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಪೆಟ್ಟಿಗೆಯನ್ನು ನನ್ನ ಅಂಗೈಗೆ ಹಾಕಿದ. ಎಡಗಡೆಯ ಗೂಡಿನ ದೀಪ ಹಚ್ಚಿದೆ, ಒಂದೇ ಕಡ್ಡಿಗೆ ಹತ್ತಿತು. ಅಣ್ಣ ದೀಪ ನೋಡಲಿಲ್ಲ, ನನ್ನ ಮುಖ ನೋಡಿದ. ಆಮೇಲೆ ನನ್ನ ಕೈಯಿಂದ ಪೆಟ್ಟಿಗೆ ವಾಪಸು ತೆಗೆದುಕೊಂಡ. ಮತ್ತೆ ಜೇಬಿಗೆ ಇಟ್ಟುಕೊಳ್ಳುತ್ತಾನೆ ಎಂದುಕೊಂಡೆ. ಮಗಳ ಕಡೆ ತಿರುಗಿದ.

"ಆ ಕಡೇದು ನೀನು ಹಚ್ಚವ್ವ" ಎಂದ.

ರೂಪಳ ಕೈಯಲ್ಲಿ ಎಳೆಗಳಿದ್ದವು. ಅವನ್ನು ಅಣ್ಣನೇ ಇಸಿದುಕೊಂಡ. ನಿನ್ನ ಅರಿಶಿನದ ಎಳೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿನ್ನ ಗಂಡ ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತ. ರೂಪ ಮೂರು ಕಡ್ಡಿ ಹಾಳು ಮಾಡಿದಳು, ನಾಲ್ಕನೆಯದಕ್ಕೆ ಹಚ್ಚಿದಳು. ಕ್ಷಮಿಸಿದೆ ಎಂದು ಅಣ್ಣ ಇನ್ನೂ ಹೇಳಿಲ್ಲ, ಹೇಳಲು ಅವನಿಗೆ ಇನ್ನೂ ಎಷ್ಟು ದಿನ ಬೇಕೋ. ನನಗೆ ಅವಸರವಿಲ್ಲ. ಅವನ ಒಳಗೂ ಅವ್ವನನ್ನು ಅವಸರದಲ್ಲಿ ಮಣ್ಣು ಮಾಡಿದ ದಿನದ ಒಂದು ಗಂಟು ಇದೆ, ಅದನ್ನು ಅವನು ಯಾರ ಹತ್ತಿರವೂ ಬಿಚ್ಚಿಲ್ಲ. ಅವನು ಬಿಚ್ಚುವ ದಿನ ನಾನು ಪಕ್ಕದಲ್ಲಿ ಇರುತ್ತೇನೆ. ಇದು ನಿನಗೆ ಕೊಡುವ ಮಾತು.

ಇನ್ನು ಅರ್ಧ ಹಾಸು ಉಳಿದಿದೆ. ರೂಪ ಬೂದಿ ಜರಡಿ ಹಿಡಿಯುತ್ತಿದ್ದಾಳೆ, ಒಳಗಿನಿಂದ ಎರಡು ಸಲ ಕರೆದಳು. ಅಣ್ಣ ಬೆಳಗ್ಗೆಯೇ ಎಣ್ಣೆ ಬಟ್ಟಲು ಹಿಡಿದು ಗೂಡಿನ ಹಣತೆಗೆ ಎಣ್ಣೆ ಹಾಕುತ್ತಿದ್ದಾನೆ. ಇಷ್ಟು ಬೇಗ ಯಾಕಣ್ಣ ಎಂದು ಜಗಲಿಯಿಂದಲೇ ಕೇಳಿದೆ. ತಿರುಗಿ ನೋಡದೆ ಹೇಳಿದ, "ಸಂಜೆಗೆ ರೂಪ ಹಚ್ತಾಳೆ."